ಮಗುವಿಗೆ ಬೇರೆ ಅಡುಗೆ ಬೇಡ, ಕೂತು ಉಣಿಸುವವರು ಬೇಕು

ಮಮದಾಪುರದಂತಹ ಊರಿನಲ್ಲಿ ಚಿಕ್ಕ ಕೂಸಿರುವ ಮನೆಯ ಬೆಳಗನ್ನು ಒಮ್ಮೆ ಗಮನಿಸಿ. ಫಜ್ರ್ ನಮಾಝಿನ ಹೊತ್ತಿಗೇ ಒಲೆ ಹೊತ್ತಿರುತ್ತದೆ. ಹಿಟ್ಟು ನಾದಬೇಕು, ರೊಟ್ಟಿ ಬಡಿಯಬೇಕು, ಪಲ್ಯ ಮಾಡಬೇಕು, ನೀರು ತುಂಬಬೇಕು, ಶಾಲೆಗೆ ಹೋಗುವ ಮಕ್ಕಳ ತಲೆ ಬಾಚಬೇಕು. ದ್ರಾಕ್ಷಿ ತೋಟದ ಕೆಲಸದ ದಿನಗಳಾದರೆ ಬಿಸಿಲು ಏರುವ ಮೊದಲೇ ಟಂಟಂ ಬಂದು ಹಾರ್ನ್ ಹೊಡೆಯುತ್ತದೆ. ಇಷ್ಟರ ನಡುವೆ ಒಂಬತ್ತು ತಿಂಗಳ ಕೂಸು ಅಳುತ್ತದೆ. ಅದರ ಬಾಯಿಗೆ ಸಿಗುವುದು ಚಹಾದಲ್ಲಿ ಅದ್ದಿದ ಬಿಸ್ಕಿಟ್. ಮಧ್ಯಾಹ್ನ ಮತ್ತೆ ಅತ್ತರೆ ಅಂಗಡಿಯ ಐದು ರೂಪಾಯಿ ಪೊಟ್ಟಣ. ಸಂಜೆ ತಾಯಿ ಬಂದು ಅಡುಗೆ ಮುಗಿಸುವ ಹೊತ್ತಿಗೆ ಅದು ನಿದ್ದೆ ಹೋಗಿರುತ್ತದೆ.

ಇದೆಲ್ಲ ಬಡತನದಿಂದ ಎಂದು ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಬಡತನ ನಿಜ. ಆದರೆ ಅದೇ ಮನೆಯಲ್ಲಿ ಅದೇ ದಿನ ಜೋಳದ ರೊಟ್ಟಿ ಇತ್ತು, ತೊಗರಿ ಬೇಳೆ ಇತ್ತು, ಶೇಂಗಾ ಇತ್ತು, ಒಂದಿಷ್ಟು ಮೊಸರೂ ಇತ್ತು. ಅವು ದೊಡ್ಡವರ ತಟ್ಟೆಗೆ ಹೋದವು. ಕೂಸಿನ ಬಾಯಿಗೆ ಮಾತ್ರ ಹೋಗಲಿಲ್ಲ. ಯಾಕೆಂದರೆ ಅದನ್ನು ಹಿಸುಕಿ, ಮಗುವಿನ ಎದುರು ಅರ್ಧ ಗಂಟೆ ಕೂರಲು ಆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019–21ರಲ್ಲಿ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರರಲ್ಲಿ ಸುಮಾರು 65 ಮಕ್ಕಳಿಗೆ ರಕ್ತ ಕಡಿಮೆ. ಇಡೀ ದೇಶದ ಲೆಕ್ಕ ನೋಡಿದರೆ, ಆರು ತಿಂಗಳಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಬೇಕಾದಷ್ಟು ಸಲ, ಬೇಕಾದಷ್ಟು ಬಗೆಯ ಆಹಾರ ಸಿಗುವುದು 11 ಮಕ್ಕಳಿಗೆ ಮಾತ್ರ. ಉಳಿದ 89 ಮಕ್ಕಳೆಲ್ಲ ಬೇಳೆಯೇ ಇಲ್ಲದ ಮನೆಯವರೆಂದು ನಂಬುವುದು ಕಷ್ಟ.

ಆರು ತಿಂಗಳು ತುಂಬುವವರೆಗೆ ತಾಯಿ ಹಾಲು ಮಾತ್ರ ಸಾಕು, ನೀರೂ ಬೇಡ. ಇದು ನಮ್ಮ ಹೆಚ್ಚಿನ ಮನೆಗಳಿಗೆ ಗೊತ್ತು. ನಾವು ಎಡವುವುದು ಆಮೇಲೆ. ಆರು ತಿಂಗಳಾದ ಮೇಲೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಾದ ಮೇಲೆ ಮೂರು ನಾಲ್ಕು ಸಲ ಮೆತ್ತಗಿನ ಊಟ ಬೇಕು. ಜೊತೆಗೆ ಎರಡು ವರ್ಷದವರೆಗೂ ಎದೆಹಾಲು ನಡೆಯಬೇಕು. ಮೊದಲು ಎರಡು ಮೂರು ಚಮಚ, ನಿಧಾನವಾಗಿ ಅರ್ಧ ಬಟ್ಟಲು, ವರ್ಷ ತುಂಬಿದ ಮೇಲೆ ಮುಕ್ಕಾಲು ಅಥವಾ ಒಂದು ಬಟ್ಟಲು. ಅಜ್ಜಿಯರು ಬೇಳೆಯ ಮೇಲಿನ ತಿಳಿನೀರನ್ನು ಶಕ್ತಿಯೆಂದು ಕುಡಿಸುತ್ತಾರೆ. ಶಕ್ತಿಯಿರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಚಮಚ ಓರೆ ಮಾಡಿದರೆ ತಕ್ಷಣ ಸುರಿದುಹೋಗದಷ್ಟು ಗಟ್ಟಿಯಿದ್ದರೆ ಅದು ಕೂಸಿಗೆ ಸರಿಯಾದ ಊಟ.

ಇದಕ್ಕಾಗಿ ಎರಡನೇ ಒಲೆ ಹಚ್ಚಬೇಕಿಲ್ಲ. ಮನೆಮಂದಿಗೆಲ್ಲ ಮಾಡುವ ಬೇಳೆ ಬೆಂದ ಮೇಲೆ, ಖಾರ ಹಾಕುವ ಮೊದಲು ಒಂದು ಸೌಟು ಪಕ್ಕಕ್ಕೆ ತೆಗೆದಿಡಿ. ಅದರಲ್ಲಿ ಬಿಸಿ ರೊಟ್ಟಿಯ ನಡುವಿನ ಮೆತ್ತನೆಯ ಭಾಗವನ್ನೋ ಅನ್ನವನ್ನೋ ನುಣ್ಣಗೆ ಹಿಸುಕಿ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಮೆಂತ್ಯವೋ ರಾಜಗಿರಿಯೋ ಬೇಯಿಸಿದ್ದರೆ ಅದರದೂ ಒಂದು ಚಿಟಿಕೆ. ವಾರದಲ್ಲಿ ಕೆಲವು ದಿನ ಚೆನ್ನಾಗಿ ಬೇಯಿಸಿದ ಮೊಟ್ಟೆ. ಗೋಷ್ತ್ ಮಾಡಿದ ದಿನ ಖಾರವಿಲ್ಲದೆ ತೆಗೆದಿಟ್ಟ ತುಂಡನ್ನು ನೂಲುನೂಲಾಗಿ ಬಿಡಿಸಿ, ಅರೆದು ಕೊಡಿ. ನಮ್ಮಲ್ಲಿ ಕೂಸಿಗೆ ಬರೀ ಶೋರ್ವಾ ಕುಡಿಸಿ, ತುಂಡನ್ನು ದೊಡ್ಡವರು ತಿನ್ನುವ ರೂಢಿಯಿದೆ. ರಕ್ತ ಹೆಚ್ಚಿಸುವ ಕಬ್ಬಿಣಾಂಶ ಆ ತುಂಡಿನಲ್ಲೇ ಇರುತ್ತದೆ. ಚಹಾ ಮಾತ್ರ ಬೇಡವೇ ಬೇಡ. ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವ ಮನೆಗಳೂ ಇವೆ. ವರ್ಷ ತುಂಬುವವರೆಗೆ ಜೇನು ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯನ್ನು ಕೂಸಿನ ಕರುಳು ತಡೆದುಕೊಳ್ಳಲಾರದು.

ಬೆಳಿಗ್ಗೆ ಆರಕ್ಕೆ ಮಾಡಿಟ್ಟು ಹೋದ ಖಿಚಡಿಯನ್ನು ಮಧ್ಯಾಹ್ನ ಒಂದಕ್ಕೆ ಕೂಸಿಗೆ ಉಣಿಸುವ ವಿಚಾರ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ವಿಜಯಪುರ ಭಾಗದ ಏಪ್ರಿಲ್–ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಸೆಖೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಟ್ಟ ಮೆತ್ತಗಿನ ಊಟ ಕೂಸಿನ ಹೊಟ್ಟೆಗೆ ಅಪಾಯ. ಭೇದಿ ಹತ್ತಿದ ಮಗು ಒಂದು ವಾರದಲ್ಲಿ ಕಳೆದುಕೊಳ್ಳುವ ತೂಕ ತಿಂಗಳಾದರೂ ಮರಳುವುದಿಲ್ಲ. ಫ್ರಿಜ್ ಇಲ್ಲದ ಮನೆಗೆ ನಮ್ಮ ಭಾಗದ ಅಡುಗೆಯಲ್ಲೇ ಉಪಾಯವಿದೆ. ಕಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ಅದನ್ನು ಪುಡಿ ಮಾಡಿ, ಆಗತಾನೇ ಕುದಿಸಿದ ಹಾಲಿನಲ್ಲಿ ನೆನೆಸಿದರೆ ಐದು ನಿಮಿಷದಲ್ಲಿ ಊಟ ಸಿದ್ಧ. ಜೋಳ, ಹೆಸರುಕಾಳು, ಶೇಂಗಾ ಹುರಿದು ನುಣ್ಣಗೆ ಬೀಸಿ ಒಣ ಡಬ್ಬಿಯಲ್ಲಿ ಇಟ್ಟುಕೊಂಡರೂ ಅಷ್ಟೇ. ಅಂಗನವಾಡಿಯಿಂದ ಬರುವ ‘ಪುಷ್ಟಿ’ ಪುಡಿಯನ್ನೂ ಹೀಗೆಯೇ ಆಗಾಗ ಬಿಸಿಯಾಗಿ ಮಾಡಿಕೊಡಬಹುದು. ಎಷ್ಟೋ ಮನೆಗಳಲ್ಲಿ ಆ ಪೊಟ್ಟಣ ಮೂಲೆಯಲ್ಲಿ ಬಿದ್ದಿರುತ್ತದೆ ಅಥವಾ ಎಮ್ಮೆಯ ಹೊಟ್ಟೆ ಸೇರುತ್ತದೆ!

ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ದೊಡ್ಡ ಕೆರೆ ಕಟ್ಟಿಸಿಕೊಂಡ ಊರು ಮಮದಾಪುರ. ಆದರೂ ಬೇಸಿಗೆಯಲ್ಲಿ ನೀರನ್ನು ಕೊಡದಲ್ಲಿ, ಬ್ಯಾರಲ್‌ನಲ್ಲಿ ಹಿಡಿದಿಟ್ಟೇ ಬಳಸುವ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಕುಡಿಯುವ ನೀರಿನ ಕೊಡದೊಳಗೆ ಲೋಟ ಹಿಡಿದ ಕೈ ಅದ್ದಬೇಡಿ, ಉದ್ದ ಹಿಡಿಕೆಯ ಸೌಟು ಇಡಿ. ದಿನಕ್ಕೆ ಐದು ಸಲ ವುಝೂ ಮಾಡುವ ಮನೆಯಲ್ಲಿ ಕೈ ತೊಳೆಯುವ ಮಾತು ಹೊಸದಲ್ಲ. ಆದರೆ ವುಝೂ ನೀರಿನಿಂದ ಆಗುತ್ತದೆ, ಕೂಸಿನ ಕಕ್ಕ ತೊಳೆದ ಕೈಗೆ ಸಾಬೂನು ಬೇಕು.

ಇನ್ನು ದ್ರಾಕ್ಷಿಯ ವಿಷಯ. ಟಿಕೋಟ–ಬಬಲೇಶ್ವರ ಭಾಗದ ಎಷ್ಟೋ ಮನೆಗಳ ಅನ್ನ ದ್ರಾಕ್ಷಿಯಿಂದ, ಒಣದ್ರಾಕ್ಷಿಯ ಶೆಡ್ಡುಗಳಿಂದ ಬರುತ್ತದೆ. ತೋಟದಿಂದ ಬಂದ ತಾಯಿಗೆ ಕೂಸನ್ನು ಕಂಡ ಕೂಡಲೇ ಎತ್ತಿಕೊಂಡು ಹಾಲು ಕೊಡುವ ಆಸೆಯಾಗುವುದು ಸಹಜ. ಆದರೆ ಅವಳ ಸೆರಗಿನಲ್ಲಿ, ತೋಳಿನಲ್ಲಿ ಬಳ್ಳಿಗೆ ಹೊಡೆದ ಔಷಧದ ಪುಡಿ ಅಂಟಿರುತ್ತದೆ. ಬಟ್ಟೆ ಬದಲಿಸಿ, ಕೈ, ತೋಳು, ಮುಖ ಸಾಬೂನಿನಲ್ಲಿ ತೊಳೆದುಕೊಳ್ಳುವ ಐದು ನಿಮಿಷ ಕೂಸನ್ನು ಬೇರೆಯವರು ಹಿಡಿದುಕೊಳ್ಳಬೇಕು. ಆ ಬಟ್ಟೆಯನ್ನು ಕೂಸಿನ ಬಟ್ಟೆಯ ಜೊತೆ ನೆನೆಸಬಾರದು.

ಇಡೀ ದ್ರಾಕ್ಷಿ ಹಣ್ಣನ್ನು ಚಿಕ್ಕ ಮಕ್ಕಳ ಬಾಯಿಗೆ ಹಾಕಲೇಬೇಡಿ. ದುಂಡಗೆ, ನುಣ್ಣಗೆ ಇರುವ ಆ ಹಣ್ಣು ಗಂಟಲಿಗೆ ಬಿರಡೆಯಂತೆ ಕೂತುಬಿಡುತ್ತದೆ. ಐದು ವರ್ಷದವರೆಗೂ ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಬೇಕು. ಶೇಂಗಾ ಬೀಜ, ಪುಟಾಣಿ ಕಾಳಿಗೂ ಇದೇ ಮಾತು. ಬೀಜವಾಗಿ ಬೇಡ, ಖಾರವಿಲ್ಲದ ಹಿಂಡಿಯಾಗಿ ಊಟದಲ್ಲಿ ಕಲಸಿ. ಹಾಗೂ ವರ್ಷದೊಳಗಿನ ಕೂಸಿನ ಗಂಟಲಿಗೆ ಏನಾದರೂ ಸಿಕ್ಕು ಉಸಿರು, ಅಳು ಎರಡೂ ನಿಂತರೆ ಬಾಯೊಳಗೆ ಕುರುಡಾಗಿ ಬೆರಳು ತೂರಿಸಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ. ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಬರುವಂತೆ ಹಿಡಿದು, ಭುಜಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ಬಡಿಯಿರಿ. ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಲಿ. ಕೂಸನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದು ಗೊತ್ತಿರಲೇಬೇಕು.

ಆ ನೋಡಿಕೊಳ್ಳುವವರು ಯಾರು ಎಂಬಲ್ಲಿಗೇ ಮಾತು ಬರಬೇಕು. ಬಹಳ ಮನೆಗಳಲ್ಲಿ ಅವಳು ಒಂಬತ್ತು–ಹತ್ತು ವರ್ಷದ ಅಕ್ಕ. ‘ಇವತ್ತೊಂದು ದಿನ ಸಾಲಿ ಬಿಡು, ತಮ್ಮನ್ನ ನೋಡ್ಕೋ’ ಎನ್ನುವ ಒಂದು ದಿನ ದ್ರಾಕ್ಷಿ ಸುಗ್ಗಿಯಲ್ಲಿ ಎರಡು ತಿಂಗಳಾಗುತ್ತದೆ. ಆ ಹುಡುಗಿಯ ಕಲಿಕೆ ಅಲ್ಲಿಗೆ ತುಂಡಾಗುತ್ತದೆ. ತಾನೇ ಮಗುವಾಗಿರುವ ಅವಳಿಗೆ ಕೂಸಿನ ಗಂಟಲಿಗೆ ಬೀಜ ಸಿಕ್ಕರೆ ಏನು ಮಾಡಬೇಕೆಂದು ತಿಳಿಯುವುದಾದರೂ ಹೇಗೆ? ಒಂದು ಮಗುವನ್ನು ಸಾಕಲು ಇನ್ನೊಂದು ಮಗುವಿನ ಶಾಲೆ ಬಿಡಿಸುವುದನ್ನು ನಾವು ಸಂಸಾರದ ಅನಿವಾರ್ಯವೆಂದು ಕರೆದು ಸುಮ್ಮನಾಗಬಾರದು.

ದಾದಿಯೋ ನಾನಿಯೋ ಮನೆಯಲ್ಲಿದ್ದರೆ ಅದು ದೊಡ್ಡ ಭಾಗ್ಯ. ‘ನಾವು ನಾಲ್ಕು ಮಕ್ಕಳನ್ನ ಸಾಕಿಲ್ಲೇನು’ ಎಂದು ಅವರು ಸೊಸೆಗೆ ಕೇಳುವುದುಂಟು. ಸಾಕಿದ್ದಾರೆ, ಗೌರವದಿಂದ ಒಪ್ಪೋಣ. ಆದರೆ ಆಗ ಒಂದೇ ಅಂಗಳದಲ್ಲಿ ಅತ್ತಿಗೆ, ನಾದಿನಿ, ಚಿಕ್ಕಮ್ಮ ಎಂದು ಐದಾರು ಕೈಗಳಿದ್ದವು. ಈಗಿನ ಸೊಸೆಯ ಗಂಡ ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿರುತ್ತಾನೆ, ನಾದಿನಿ ತನ್ನ ಮನೆಯಲ್ಲಿರುತ್ತಾಳೆ. ಕೆಲಸ ಅಷ್ಟೇ ಇದೆ, ಕೈಗಳು ಕಡಿಮೆಯಾಗಿವೆ.

ಹಾಗಾದರೆ ಊರಲ್ಲೇ ಇರುವ ಗಂಡಸರು? ಸಹೋದರರೇ, ಈ ಪುಟ ಹೆಂಗಸರದ್ದೆಂದು ದಾಟಿ ಹೋಗಬೇಡಿ. ಪವಿತ್ರ ಕುರ್‌ಆನಿನ ಸೂರಃ ಅಲ್‌ಬಕರದ 233ನೇ ಸೂಕ್ತ ಎರಡು ವರ್ಷಗಳ ಎದೆಹಾಲಿನ ಮಾತು ಹೇಳುವಾಗ, ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಡುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನೂ ಇಬ್ಬರೂ ಸಮಾಲೋಚಿಸಿ ಮಾಡುವುದೆಂದು ಹೇಳುತ್ತದೆ. ಅಂದರೆ ಕೂಸಿನ ಹೊಟ್ಟೆಯ ವಿಷಯ ಇಬ್ಬರದೂ ಹೌದು. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಹೇಳಿದ್ದು ಬುಖಾರಿಯಲ್ಲಿದೆ. ಇದನ್ನು ಕೇಳಿ ತಲೆದೂಗಿದವರು ರಾತ್ರಿ ಹೆಂಡತಿ ರೊಟ್ಟಿ ಬಡಿಯುತ್ತಿರುವಾಗ ಮೊಬೈಲ್ ಬದಿಗಿಟ್ಟು ಕೂಸಿನ ಬಟ್ಟಲನ್ನು ಕೈಗೆ ತೆಗೆದುಕೊಳ್ಳಬಹುದಲ್ಲವೇ? ಮಗ್ರಿಬ್ ಆದ ಮೇಲಿನ ಆ ಅರ್ಧ ಗಂಟೆ ತಂದೆಯದಾಗಲಿ. ಮೊದಲ ವಾರ ಕೂಸು ಉಗುಳುತ್ತದೆ, ಚೀರುತ್ತದೆ, ಅಂಗಿ ಕೊಳೆಯಾಗುತ್ತದೆ. ಆಮೇಲೆ ಅದಕ್ಕೆ ಅಬ್ಬಾನ ಕೈರುಚಿ ಹತ್ತುತ್ತದೆ. ಅದರ ಕೈಗೆ ಫೋನ್ ಕೊಟ್ಟು ಬಾಯಿ ತೆರೆಸುವ ಸುಲಭ ದಾರಿ ಮಾತ್ರ ಬೇಡ. ಹೊಟ್ಟೆ ತುಂಬಿದೆಯೋ ಇಲ್ಲವೋ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ತಾಯಿಯ ತಟ್ಟೆಯ ಬಗ್ಗೆಯೂ ಒಂದು ಮಾತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವುದು ಅವಳ ತ್ಯಾಗವೆಂದು ನಾವು ಹೊಗಳುತ್ತೇವೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆಯಿತ್ತು. ತಳದ ಸಾರು, ಅರ್ಧ ರೊಟ್ಟಿ ಉಂಡು ಹಾಲುಣಿಸುವವಳು ತೀರಿಸುವ ಲೆಕ್ಕ ಅದು. ಅವಳ ಪಾಲನ್ನು ಮೊದಲೇ ತೆಗೆದಿಡಿ, ಅಥವಾ ಎಲ್ಲರೂ ಒಂದೇ ದಸ್ತರ್‌ಖಾನ್‌ಗೆ ಒಟ್ಟಿಗೆ ಕೂತುಬಿಡಿ. ರಮಝಾನ್‌ನಲ್ಲಿ ತನ್ನ ಅಥವಾ ಕೂಸಿನ ಆರೋಗ್ಯದ ಭಯವಿರುವ ತಾಯಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಇದೆ. ಅದನ್ನು ಬಳಸಿದವಳನ್ನು ಓಣಿಯಲ್ಲಿ ಆಡಿಕೊಳ್ಳುವುದು ನಿಲ್ಲಬೇಕು.

ಮನೆಯೊಳಗೆ ಎಷ್ಟು ಹಂಚಿಕೊಂಡರೂ ಹಗಲಿನ ಎಂಟು ಗಂಟೆ ಉಳಿದೇ ಉಳಿಯುತ್ತದೆ. ಅದಕ್ಕೆ ಸರಕಾರದ ಬಾಗಿಲು ತಟ್ಟಬೇಕು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾಯಿತು. ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಲು 2021ರ ಡಿಸೆಂಬರ್‌ನಲ್ಲಿ ಮೊದಲು ಆರಿಸಿದ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ನಮ್ಮ ಜಿಲ್ಲೆಯ ಮಕ್ಕಳಿಗೆ ಅದು ಬೇಕಿತ್ತು ಎಂಬುದೇ ಅದರ ಅರ್ಥ. ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ಬಜೆಟ್ಟಿನಲ್ಲಿ ಘೋಷಿಸಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ಎಷ್ಟು ಗಂಟೆಗೆ ತೆರೆಯುತ್ತದೆ, ಕೂಸಿಗೆ ಊಟ ಏನು, ನೋಡಿಕೊಳ್ಳುವ ಹೆಂಗಸಿಗೆ ತರಬೇತಿ ಆಗಿದೆಯೇ ಎಂದು ಹೋಗಿ ಕೇಳಿ. ಟಂಟಂ ಏಳಕ್ಕೆ ಹೊರಡುವ ಊರಿನಲ್ಲಿ ಹತ್ತಕ್ಕೆ ಬಾಗಿಲು ತೆರೆಯುವ ಕೂಸಿನ ಮನೆಯಿಂದ ಯಾರಿಗೂ ಉಪಯೋಗವಿಲ್ಲ. ದ್ರಾಕ್ಷಿ ಬಳ್ಳಿಯ ಅಕ್ಟೋಬರ್ ಚಾಟ್ನಿ ಶುರುವಾಗುವ ಮೊದಲೇ ನಾಲ್ಕು ಮಂದಿ ತಾಯಂದಿರು, ಇಬ್ಬರು ತಂದೆಯರು, ಜಮಾಅತಿನ ಒಬ್ಬ ಹಿರಿಯರು ಒಟ್ಟಾಗಿ ಗ್ರಾಮಸಭೆಗೆ ಹೋಗಿ ಈ ವೇಳೆಯ ಪ್ರಶ್ನೆಯನ್ನು ಎತ್ತಿ. ಅರ್ಜಿಯನ್ನು ಬರೆದೇ ಕೊಡಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಂಡು ಬನ್ನಿ.