ಅಚ್ಚುಕಟ್ಟು ಎಷ್ಟಿದ್ದರೆ ಸಾಕು?

ಮೂರನೇ ಮಗು ಹುಟ್ಟಿದ ಮೇಲೆ ಮನೆಯನ್ನು ಮೊದಲಿನ ಹಾಗೆ ಒಪ್ಪವಾಗಿಡುವುದನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದೇನೆ ಎಂದು ಜಪಾನಿನ ಮಾರಿ ಕೊಂಡೊ ಹೇಳಿದ್ದು 2023ರ ಜನವರಿಯಲ್ಲಿ ಸುದ್ದಿಯಾಯಿತು. ಮಾತು ಚಿಕ್ಕದು, ಗದ್ದಲ ದೊಡ್ಡದು. ಬಟ್ಟೆ, ಪುಸ್ತಕ, ಪಾತ್ರೆ ಯಾವುದೇ ಇರಲಿ, ಕೈಯಲ್ಲಿ ಹಿಡಿದು ನೋಡಿ, ಖುಷಿ ಕೊಟ್ಟರೆ ಇಟ್ಟುಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಬೀಳ್ಕೊಡಿ ಎಂದು ಲೋಕಕ್ಕೆಲ್ಲ ಕಲಿಸಿದಾಕೆ ಆಕೆ. 2010ರಲ್ಲಿ ಬಂದ ಪುಸ್ತಕ, 2019ರ ನೆಟ್‌ಫ್ಲಿಕ್ಸ್ ಸರಣಿ ಎರಡೂ ಆಕೆಯನ್ನು ಮನೆಮಾತಾಗಿಸಿದ್ದವು. ಕೆಲವರು ಒಳಗೊಳಗೇ ನಕ್ಕರು, ಕೆಲವರಿಗೆ ಮೋಸಹೋದಂತೆನಿಸಿತು. ಆಕೆ ಮಾಡಿದ್ದು ಸಮಯದ ಲೆಕ್ಕಾಚಾರ, ಅಷ್ಟೆ. ಆಗ ಮಕ್ಕಳ ಜೊತೆ ಕಳೆಯುವ ಹೊತ್ತು ಆಕೆಗೆ ಹೆಚ್ಚು ಬೆಲೆಯದೆನಿಸಿತ್ತು.

ಮನೆ ಹರಡಿಕೊಂಡಿದ್ದರೆ ಅದಕ್ಕೆ ಸೋಮಾರಿತನವೇ ಕಾರಣ ಎಂಬುದು ಹಳೆಯ ಆರೋಪ. ಎಷ್ಟೋ ಮನೆಗಳಲ್ಲಿ ನಿಜವಾದ ಕಾರಣ ಅದಕ್ಕೆ ತದ್ವಿರುದ್ಧ. ಒಂದೇ ಅಳತೆಯ ಗಾಜಿನ ಡಬ್ಬಗಳು ಬರುವ ತನಕ ಬೇಳೆಕಾಳು ಪ್ಲಾಸ್ಟಿಕ್ ಕವರಿನಲ್ಲೇ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕಾಯುತ್ತಿರುತ್ತದೆ. ಅಟ್ಟದ ಸಾಮಾನು ಇಳಿಸಬೇಕೆಂದರೆ ಪೂರ್ತಿ ಒಂದು ದಿನ ರಜೆ ಬೇಕು. ರಜೆ ಸಿಕ್ಕಿತು ಎನ್ನಿ, ಹಳೆಯ ಫೋಟೋಗಳ ಪೆಟ್ಟಿಗೆ ಕೈಗೆ ಬರುತ್ತದೆ. ಅವನ್ನು ವರ್ಷವಾರು ಜೋಡಿಸಿಯೇ ತೀರುವ ಹಟದಲ್ಲಿ ಸಂಜೆಯಾಗುತ್ತದೆ, ಇಳಿಸಿದ್ದೆಲ್ಲ ನಡುಮನೆಯಲ್ಲೇ ಉಳಿಯುತ್ತದೆ. ಮಾಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ ಎನ್ನುವವರ ಮನೆಯಲ್ಲಿ ಹೆಚ್ಚಾಗಿ ಗೆಲ್ಲುವುದು 'ಇಲ್ಲವೇ ಇಲ್ಲ'.

ಅಮೆರಿಕದ ಹರ್ಬರ್ಟ್ ಸೈಮನ್ 1956ರಲ್ಲೇ ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದರು. ಸಮಯವೂ ಮಾಹಿತಿಯೂ ಮಿತವಾಗಿರುವ ಜೀವಿ ಎಲ್ಲಕ್ಕಿಂತ ಶ್ರೇಷ್ಠವಾದುದನ್ನು ಹುಡುಕುತ್ತ ಕೂರುವುದಿಲ್ಲ, ತನ್ನ ಅಗತ್ಯಕ್ಕೆ ಸಾಲುವಷ್ಟು ಸಿಕ್ಕಿದೊಡನೆ ಅದನ್ನೇ ಆರಿಸಿಕೊಳ್ಳುತ್ತದೆ ಎಂದರು. ಅರ್ಥಶಾಸ್ತ್ರದಲ್ಲಿ ಅವರಿಗೆ 1978ರಲ್ಲಿ ನೊಬೆಲ್ ಬಂತು. ಅಡುಗೆಮನೆಯ ಶೆಲ್ಫಿಗೂ ಈ ಅಳತೆ ಹೊಂದುತ್ತದೆ: ಸಾಸಿವೆ ಡಬ್ಬ ಹುಡುಕದೆ ಕೈಗೆ ಸಿಕ್ಕರೆ ಶೆಲ್ಫಿನ ಕೆಲಸ ಮುಗಿಯಿತು.

ಹಾಗಿದ್ದೂ ಮನಸ್ಸು ಒಪ್ಪುವುದಿಲ್ಲವಲ್ಲ, ಏಕೆ? ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹಂಬಲವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ತಾನೇ ಬಯಸುವುದು, ಇತರರಿಂದ ಬಯಸುವುದು, ಇತರರು ತನ್ನಿಂದ ಬಯಸುತ್ತಿದ್ದಾರೆಂದು ನಂಬುವುದು. ಅಮೆರಿಕ, ಕೆನಡಾ, ಬ್ರಿಟನ್ನಿನ ಕಾಲೇಜು ವಿದ್ಯಾರ್ಥಿಗಳ 1989ರಿಂದ 2016ರವರೆಗಿನ ಉತ್ತರಗಳನ್ನು ಥಾಮಸ್ ಕರ್ರನ್ ಮತ್ತು ಆಂಡ್ರ್ಯೂ ಹಿಲ್ ಒಟ್ಟುಗೂಡಿಸಿ ನೋಡಿದಾಗ ಮೂರೂ ಏರಿದ್ದವು, ಎಲ್ಲಕ್ಕಿಂತ ಹೆಚ್ಚು ಏರಿದ್ದು ಮೂರನೆಯದು. ಅದರ ಗುರುತು ನಮ್ಮ ಮನೆಗಳಲ್ಲೂ ಉಂಟು. ಬಾಗಿಲ ಬೆಲ್ ಸದ್ದಾದೊಡನೆ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯೆಲ್ಲ ಮಲಗುವ ಕೋಣೆಗೆ ಹಾರುತ್ತದೆ. ಬಂದವರು ಪಕ್ಕದ ಮನೆಯ ಹುಡುಗ, ಬೇಕಾಗಿದ್ದದ್ದು ಒಂದು ಲೋಟ ಹಾಲು!

ಇತರರ ಈ ಕಣ್ಣು ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಹೀಗಿರುವಾಗ 'ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಮ್ಮ' ಎಂಬ ಉಪದೇಶ ಪುಕ್ಕಟೆ ಮಾತು. ಕೆಲಸ ಹಂಚಿಕೊಂಡವರಿಗೇ ಎಷ್ಟು ಸಾಕು ಎಂದು ಹೇಳುವ ಹಕ್ಕು. ಹಂಚಿಕೊಟ್ಟ ಮೇಲೆ ಗಂಡ ಮಡಿಸಿದ ಸೀರೆಯ ಅಂಚು ಕೂಡಲಿಲ್ಲವೆಂದು ಮತ್ತೆ ಬಿಚ್ಚಿ ಮಡಿಸುವುದೂ ತಪ್ಪು. ಮರುದಿನದಿಂದ ಆತ ಆ ಕಡೆ ತಲೆ ಹಾಕುವುದಿಲ್ಲ.

ಸಾಲುವಷ್ಟಿದ್ದರೆ ಸಾಕು ಎನ್ನುವುದು ಕೊಳಕಿಗೆ ಪರವಾನಗಿಯಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಮಾತ್ರೆ, ಔಷಧಿ, ಗ್ಯಾಸ್ ಒಲೆಯ ಆಸುಪಾಸು, ಕುಡಿಯುವ ನೀರಿನ ಪಾತ್ರೆ: ಇಲ್ಲೆಲ್ಲ ರಾಜಿ ಸಲ್ಲದು. ಬೀರುವಿನೊಳಗಿನ ಬಣ್ಣವಾರು ಸಾಲಿಗೆ ಆ ಗಾಂಭೀರ್ಯ ಬೇಕಿಲ್ಲ. ಎಲ್ಲವನ್ನೂ ಸಮನಾಗಿ ಮುಖ್ಯವೆಂದುಕೊಂಡವರೇ ಮುಖ್ಯವಾದುದನ್ನು ಬಾಕಿ ಉಳಿಸುತ್ತಾರೆ.

ನಮ್ಮ ಹಬ್ಬಗಳಿಗೆ ಈ ವಿವೇಕ ಮೊದಲಿನಿಂದಲೂ ಗೊತ್ತಿತ್ತು. ಯುಗಾದಿಗೆ ಮುಂಚೆ ಧೂಳು ಹೊಡೆದು ಜೇಡರ ಬಲೆ ತೆಗೆಯುತ್ತಾರೆ, ಹಳ್ಳಿಗಳಲ್ಲಿ ಸುಣ್ಣ ಬಳಿಯುತ್ತಾರೆ. ಆಯುಧಪೂಜೆಗೆ ಸೈಕಲ್ಲು, ಹೊಲಿಗೆ ಯಂತ್ರ ಒರೆಸಿಕೊಳ್ಳುತ್ತವೆ. ಮೂಲೆಯೊಂದು ಉಳಿದುಹೋಯಿತೆಂದು ಹಬ್ಬವನ್ನು ಯಾರೂ ಮುಂದೂಡುವುದಿಲ್ಲ. ತೋರಣ ಕಟ್ಟುವ ಹೊತ್ತಿಗೆ ಎಷ್ಟಾಗಿದೆಯೋ ಅಷ್ಟೇ ಆ ವರ್ಷದ ಅಚ್ಚುಕಟ್ಟು. ಇಂಥ ಗಡುವು ವಾರಕ್ಕೊಮ್ಮೆ ಇರಲಿ, ಹದಿನೈದು ನಿಮಿಷದ್ದಾದರೂ ಸರಿ. ಈ ಭಾನುವಾರ ಮಾತ್ರೆಗಳ ಡಬ್ಬವೊಂದನ್ನೇ ತೆರೆದು ಅವಧಿ ಮುಗಿದವನ್ನು ಬೇರೆ ಮಾಡಿ. ಅಟ್ಟ ಯುಗಾದಿಯ ತನಕ ಕಾಯಲಿ.