ಕೆಲಸ ಕಿತ್ತದ್ದು ರೋಬಾಟ್, ಬೈಸಿಕೊಂಡದ್ದು ಮೆಕ್ಸಿಕೊ

2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಮಿಶಿಗನ್ ರಾಜ್ಯವನ್ನು ಗೆದ್ದದ್ದು ಬರೀ 10,704 ಮತಗಳಿಂದ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲೂ ಅಂತರ ಶೇ 1ನ್ನು ಮುಟ್ಟಲಿಲ್ಲ. ಕಾರ್ಖಾನೆಗಳಿಗೆ ರೋಬಾಟ್‌ಗಳು ಹೆಚ್ಚು ಬಂದ ಪ್ರದೇಶಗಳಲ್ಲೇ ಮತದಾರರು ಟ್ರಂಪ್ ಕಡೆ ಹೆಚ್ಚು ವಾಲಿದರು, ರೋಬಾಟ್ ಬಳಕೆ ಅಷ್ಟು ಏರದೇ ಇದ್ದಿದ್ದರೆ ಈ ಮೂರೂ ರಾಜ್ಯಗಳು ಹಿಲರಿ ಕ್ಲಿಂಟನ್ ಪಾಲಾಗುತ್ತಿದ್ದವು ಎಂದು ಅರ್ಥಶಾಸ್ತ್ರಜ್ಞ ಕಾರ್ಲ್ ಬೆನೆಡಿಕ್ಟ್ ಫ್ರೇ ಮತ್ತು ಸಂಗಡಿಗರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಲೆಕ್ಕದ ಕೊನೆಯ ಭಾಗ ಊಹೆಯೇ ಇರಬಹುದು. ವಾಲಿದ ದಿಕ್ಕು ಊಹೆಯಲ್ಲ. ಆದರೂ ಟ್ರಂಪ್ ಭಾಷಣಗಳಲ್ಲಿ ಬೈಗುಳ ತಿಂದದ್ದು ಚೀನಾ, ಮೆಕ್ಸಿಕೊ ಮತ್ತು ವಲಸಿಗರು.

ಯಂತ್ರ ಕೆಲಸ ಕಸಿಯುವ ರೀತಿಯೇ ಇದಕ್ಕೆ ಕಾರಣ ಎಂಬುದು ನನ್ನ ವಾದ. 1961ರಲ್ಲಿ ಜನರಲ್ ಮೋಟಾರ್ಸ್‌ನ ನ್ಯೂಜೆರ್ಸಿ ಕಾರ್ಖಾನೆಗೆ ಬಂದ ಯುನಿಮೇಟ್ ಎಂಬ ರೋಬಾಟ್, ಅಚ್ಚಿನಿಂದ ಆಗಷ್ಟೇ ಹೊರಬಿದ್ದ ಕಾದ ಲೋಹದ ತುಂಡುಗಳನ್ನು ಎತ್ತಿಡುತ್ತಿತ್ತು. ಹೋಯಿತಲ್ಲ ಎಂದು ಮರುಗುವಂಥ ಕೆಲಸವೇನಲ್ಲ ಅದು. ಆಮೇಲೆ ವೆಲ್ಡಿಂಗ್ ಹೋಯಿತು, ಪೇಂಟಿಂಗ್ ಹೋಯಿತು. ಒಬ್ಬ ನಿವೃತ್ತನಾದರೆ ಆ ಜಾಗಕ್ಕೆ ಇನ್ನೊಬ್ಬ ಬರುವುದಿಲ್ಲ. ಅಪ್ಪ ದುಡಿದ ಗೇಟಿನೊಳಗೆ ಮಗನಿಗೆ ಪ್ರವೇಶ ಸಿಗುವುದಿಲ್ಲ. ಕಾರ್ಖಾನೆಯೇ ಮೆಕ್ಸಿಕೊಗೆ ಎದ್ದುಹೋದರೆ ಅದಕ್ಕೊಂದು ತಾರೀಖು, ಒಂದು ವಿಳಾಸ ಇರುತ್ತದೆ. ರಾಜಕಾರಣಕ್ಕೆ ಬೇಕಾದದ್ದು ಆ ವಿಳಾಸ. ಈ ಚಾಳಿ ಒಂದೇ ಪಕ್ಷದ್ದಲ್ಲ. 2009ರಲ್ಲಿ ತೆರಿಗೆ ಪದ್ಧತಿಯನ್ನು ಟೀಕಿಸುತ್ತ ಬರಾಕ್ ಒಬಾಮ ತಮ್ಮ ಬಫಲೊ ನಗರದ ಎದುರು ನಿಲ್ಲಿಸಿದ್ದು ನಮ್ಮ ಬೆಂಗಳೂರನ್ನು.

ಚೀನಾದ ಅಗ್ಗದ ಸರಕು ನಿಜವಾಗಿಯೂ ಕೆಲಸ ಕಿತ್ತುಕೊಂಡಿತಲ್ಲ ಎನ್ನಬಹುದು. ಹೌದು, ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತಿತರರು ಅದನ್ನು ಸಾಬೀತುಮಾಡಿದ್ದಾರೆ. ಆದರೆ ಆಮದಿನ ಪರಿಣಾಮವನ್ನು ಬೇರ್ಪಡಿಸಿದ ಮೇಲೂ ರೋಬಾಟ್‌ಗಳಿಂದ ಉದ್ಯೋಗ, ಕೂಲಿ ಎರಡೂ ಕುಸಿದವೆಂದು ಅರ್ಥಶಾಸ್ತ್ರಜ್ಞರಾದ ಡರಾನ್ ಅಸೆಮೊಗ್ಲು ಮತ್ತು ಪಾಸ್ಕುಆಲ್ ರೆಸ್ಟ್ರೆಪೊ ತೋರಿಸಿದರು. ಇದೆಲ್ಲ ಬರೀ ವರ್ಣದ್ವೇಷ ಎನ್ನುವವರು ಮಿಶಿಗನ್‌ನ ಮಕೋಂಬ್ ಕೌಂಟಿಯನ್ನು ನೋಡಬೇಕು: 2008, 2012ರಲ್ಲಿ ಒಬಾಮಗೆ, 2016ರಲ್ಲಿ ಟ್ರಂಪ್‌ಗೆ ಒಲಿದ ಕೌಂಟಿ ಅದು. ದ್ವೇಷ ಇರಲಿಲ್ಲವೆಂದಲ್ಲ; ಇದ್ದದ್ದು ಅದೇ ವರ್ಷ ಯಾಕೆ ಮತವಾಯಿತು ಎಂಬುದಕ್ಕೆ ಅದೊಂದೇ ಉತ್ತರ ಸಾಲದು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಕೆಲಸ ಕಳೆದುಕೊಂಡವರು ಸರ್ಕಾರದ ನೆರವು ಹೆಚ್ಚಿಸುವ ಪಕ್ಷದತ್ತ ತಾನೇ ಹೋಗಬೇಕು? ಯುರೋಪಿನ ಮತದಾರರನ್ನು ಅಧ್ಯಯನ ಮಾಡಿದ ರಾಜಕೀಯ ವಿಜ್ಞಾನಿ ಥಾಮಸ್ ಕುರೆರ್ ಕಂಡದ್ದು ಇದು: ಪೂರ್ತಿ ಕೆಳಗೆ ಬಿದ್ದವರು ಮತಗಟ್ಟೆಯಿಂದಲೇ ದೂರವಾಗುತ್ತಾರೆ, ಬಲಪಂಥದ ಕಡೆ ತಿರುಗುವವರು ಹಳೆಯ ಕೆಲಸದಲ್ಲೇ ಅಂಟಿಕೊಂಡು, ಎಂದು ಜಾರಿಬೀಳುತ್ತೇವೋ ಎಂದು ಅಂಜುತ್ತಿರುವವರು. ನಿರುದ್ಯೋಗದ ಅಂಕಿಅಂಶದಲ್ಲಿ ಅವರು ಸಿಗುವುದೇ ಇಲ್ಲ. ಅಮೆರಿಕ 1962ರಲ್ಲಿ ಆರಂಭಿಸಿದ ಕಾರ್ಮಿಕ ಪರಿಹಾರ ಯೋಜನೆಯಾದರೂ ವಿದೇಶಿ ವ್ಯಾಪಾರದಿಂದ ಪೆಟ್ಟು ತಿಂದವರಿಗಷ್ಟೇ ಮೀಸಲಾಗಿತ್ತು. ರೋಬಾಟ್ ಬಂದು ಕೆಲಸ ಹೋಯಿತೆಂದರೆ ಅರ್ಜಿಗೆ ಆಧಾರವೇ ಇರಲಿಲ್ಲ. ಯಂತ್ರ ಕೂರಿಸುವ ಹೊತ್ತಿಗೇ, ಕೆಲಸದಲ್ಲಿ ಇರುವಾಗಲೇ, ಕಾರ್ಮಿಕನ ಮುಂದಿನ ದಾರಿಯ ಮಾತು ಆಗದಿದ್ದರೆ ಆಮೇಲೆ ಬರುವ ಪರಿಹಾರ ಅವನ ಮತವನ್ನು ಬದಲಿಸಲಾರದು, ಅದು ಆ ವೇಳೆಗಾಗಲೇ ಬಿದ್ದಿರುತ್ತದೆ.