ಜೆಸಿಬಿ ಬಾಯಿಗೆ ಕನ್ನಡದ ಮಣ್ಣು!

ಕನ್ನಡ ಯುವಕರೇ, ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇಲ್ಲವೆಂದು ಸಿಟ್ಟಾಗುತ್ತೀರಿ. ಆಗಲೇಬೇಕು. ಆದರೆ ಆ ಅಂಗಡಿಗೆ ಪಾಯ ತೋಡುವಾಗ ಗುಂಡಿಯೊಳಗೆ ಒಮ್ಮೆಯಾದರೂ ಇಣುಕಿದ್ದೀರಾ?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ. ಕೆಂಪು ಬಾಳೆಯ ಊರು ಅಂತ ಗೊತ್ತು ನಿಮಗೆ. ನಕಾಶೆ ತೆಗೆದು ನೋಡಿ: ತೆಂಕಣಕ್ಕೆ ರಾಷ್ಟ್ರಕೂಟರ ಮಳಖೇಡ, ಬಡಗಣಕ್ಕೆ ಚಾಲುಕ್ಯರ ಕಲ್ಯಾಣ, ನಟ್ಟ ನಡುವೆ ಕಮಲಾಪುರ! 1347ರಲ್ಲಿ ಬಹಮನಿಗಳು ಹುಟ್ಟಿಕೊಂಡು ಕಲಬುರಗಿಯಿಂದ ಆಳಿದರು. ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಆಗಲೂ ಇದು ನಡುವಿನ ಸೀಮೆಯೇ. ಇದೇ ರಸ್ತೆಯ ಹೊಳಕುಂದಾದಲ್ಲಿ ಆ ಕಾಲದ ಗುಮ್ಮಟಗಳಿವೆ. ಗುಮ್ಮಟ ಕಟ್ಟಿದ ಕಲ್ಲುಕುಟಿಗ, ಅವನಿಗೆ ಜೋಳ ಕೊಟ್ಟ ರೈತ, ಗಡಿಗೆ ಮಾಡಿದ ಕುಂಬಾರ ಎಲ್ಲಿದ್ದರು ಸ್ವಾಮಿ? ಹಳ್ಳಿಯಲ್ಲಿ. ಅವರದು ಮಣ್ಣಿನ ಮನೆ. ಹಗೇವು, ಒಲೆಯ ಬೂದಿ, ಮುಚ್ಚಿಹೋದ ಬಾವಿ, ಮಡಕೆ ಚೂರು – ಅಂಥವರ ಚರಿತ್ರೆ ಉಳಿಯುವುದು ನೆಲದ ಕೆಳಗೆ ಮಾತ್ರ.

ಕಾನೂನು ಏನನ್ನುತ್ತದೆ? 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಕಲಬುರಗಿ ಕೋಟೆಗೆ ಈ ಗೆರೆ ಇದೆ. (ಗೆರೆಯ ಗತಿ ಏನಾಗಿದೆ ಎಂದು ಕೋಟೆಯನ್ನು ಒಂದು ಸುತ್ತು ಹಾಕಿದವರಿಗೆ ಹೇಳಬೇಕಿಲ್ಲ.) ಪಟ್ಟಿಯಲ್ಲೇ ಇಲ್ಲದ ಹಳೇ ಊರಿನ ದಿಬ್ಬಕ್ಕೆ ಆ ಗೆರೆಯೂ ಇಲ್ಲ. ಪಾಯದಲ್ಲಿ ಚಿನ್ನ ಸಿಕ್ಕರೆ ಪೊಲೀಸರು, ತಹಸೀಲ್ದಾರರು ಓಡಿ ಬರುತ್ತಾರೆ. ಮಡಕೆ ಚೂರು ಸಿಕ್ಕರೆ ಟ್ರ್ಯಾಕ್ಟರ್ ಬರುತ್ತದೆ, ಮಣ್ಣಿನ ಜೊತೆ ಹೊತ್ತುಕೊಂಡು ಹೋಗಲು!

ನಮ್ಮಲ್ಲಿ ಚರಿತ್ರೆ ಸಿಗುವ ರೀತಿಯನ್ನೇ ನೋಡಿ. ಇದೇ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು ಹೇಗೆ? 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲೇ ಶಾಸನ ಎಂದು ಆಗ ತಿಳಿಯಿತು. ಗುಡಿ ಬೀಳದಿದ್ದರೆ? ಅದೇ ತಾಳಗುಂದದಲ್ಲಿ 2013ರಲ್ಲಿ ಪುರಾತತ್ವದವರು ಕ್ರಮವಾಗಿ ಅಗೆದರು. ಸಿಂಹಕಟಾಂಜನ ಶಾಸನ ಸಿಕ್ಕಿತು. ಅದರ ಕಾಲ ಕ್ರಿ.ಶ. 370ರ ಸುಮಾರು ಎನ್ನುತ್ತಾರೆ, ಹಲ್ಮಿಡಿಗಿಂತ ಹಳೆಯದು. ಶಾಸ್ತ್ರೀಯ ಭಾಷೆಯ ಪಟ್ಟಕ್ಕೆ ಬೀದಿಗಿಳಿದವರಲ್ಲವೇ ನಾವು? ಅದಕ್ಕೆ ಸಾಕ್ಷಿ ಇರುವುದು ಈ ಮಣ್ಣಿನಲ್ಲಿ. ಕನ್ನಡ ಶಕ್ತಿ ಕೇಂದ್ರ ಕಟ್ಟಿದ ಚಿದಾನಂದಮೂರ್ತಿಯವರು ಶಾಸನಗಳ ವಿದ್ವಾಂಸರಾಗಿದ್ದದ್ದು ಸುಮ್ಮನೆ ಅಲ್ಲ.

ಅಭಿವೃದ್ಧಿ ಬೇಡ ಎಂದು ಯಾರೂ ಹೇಳುತ್ತಿಲ್ಲ. ಕಮಲಾಪುರದ ಮೇಲೆ ಹಾಯುವ ಬೀದರ್–ಕಲಬುರಗಿ ರೈಲು 2017ರಲ್ಲಿ ಬಂತು; ಅದಕ್ಕಾಗಿ ಈ ಭಾಗದ ಜನ ದಶಕಗಳ ಕಾಲ ಕಾದಿದ್ದಾರೆ. ಆದರೆ ಇಂಗ್ಲೆಂಡಿನಲ್ಲೂ ರೈಲು, ರಸ್ತೆ ಆಗುತ್ತವೆ. ಅಲ್ಲಿ 1990ರಿಂದ ನಿಯಮವೇ ಬೇರೆ. ಹಳೇ ಊರಿನ ಹತ್ತಿರ ಪಾಯ ತೋಡುವುದಾದರೆ ಯಂತ್ರದ ಪಕ್ಕದಲ್ಲಿ ಒಬ್ಬ ಪುರಾತತ್ವಜ್ಞ ನಿಲ್ಲಬೇಕಾಗುತ್ತದೆ, ಅವನ ಸಂಬಳ ಕಟ್ಟುವವನದೇ. ಹಲ್ಲಿಲ್ಲದ ಬಕೆಟ್ಟಿನಿಂದ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತಾರೆ. ಮಣ್ಣಿನ ಬಣ್ಣ ಬದಲಾಯಿತೋ, ಅವನು ಕೈ ಎತ್ತುತ್ತಾನೆ, ಯಂತ್ರ ನಿಲ್ಲುತ್ತದೆ. ಅಳತೆ, ಚಿತ್ರ, ಫೋಟೋ ಆದ ಮೇಲೆ ಕೆಲಸ ಮುಂದುವರಿಯುತ್ತದೆ. ವರದಿ ಬರೆದಿಡುತ್ತಾರೆ.

ನಮಗೂ ಇದೇ ಬೇಕು. ಸರ್ಕಾರದ ದುಡ್ಡಿನಲ್ಲಿ ಹಳೇ ಊರಿನ ಬಳಿ ನೆಲ ಅಗೆಯುವ ಪ್ರತಿ ಟೆಂಡರಿನಲ್ಲೂ ಈ ಷರತ್ತು ಇರಲಿ. ಆ ಕೆಲಸಕ್ಕೆ ಇಲ್ಲಿಯೇ ಇತಿಹಾಸ, ಪುರಾತತ್ವ ಓದಿ ಖಾಲಿ ಕೂತ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳಲಿ. ಹಳೆಗನ್ನಡದ ಅಕ್ಷರ ಗುರುತಿಸುವವರು ಅವರೇ ತಾನೇ! ವರದಿ ಕನ್ನಡದಲ್ಲಿರಲಿ. ಸಿಕ್ಕಿದ್ದು ಕಲಬುರಗಿಯ ವಸ್ತುಸಂಗ್ರಹಾಲಯಕ್ಕೇ ಬರಲಿ, ದೂರದ ಗೋದಾಮಿಗೆ ಬೇಡ.

ನಿಮ್ಮ ಊರ ಸುತ್ತ ಈ ವರ್ಷ ಎಲ್ಲೆಲ್ಲಿ ನೆಲ ಅಗೆದರು, ಅಲ್ಲಿ ಪುರಾತತ್ವ ಇಲಾಖೆಯಿಂದ ಯಾರು ಹೋಗಿದ್ದರು, ಏನು ಬರೆದರು? ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ ಕನ್ನಡದಲ್ಲೇ ಇರಲಿ.